ಕಡಲ ತೀರ ಕಡಲೆ ತೀರ ಆದ ಕಥೆ

ಅಕ್ಷರದಂಗಡಿ: ಓದುಗರ ಪ್ರಶ್ನೆ, ಬೋರ್ಡ್ ಬರೆಯುವವನ ಉತ್ತರ

ಮಳೆ ನಿಂತು ಹೊಸ ಅಂಗಡಿಗಳು ಬಾಗಿಲು ತೆರೆಯುವ ಹೊತ್ತು ಇದು. ಹಾಗಾಗಿ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ಕುಣಿಯುವ, ನಗುವ, ಮಕ್ಕಳಾಟದ ಹಾಗಿರುವ ಅಲಂಕಾರದ ಅಕ್ಷರ ಬೇಕು ಅಂತ. ನಾನು ಉಡುಪಿಯಲ್ಲಿ ಮೊದಲು ಬ್ರಷ್ ಹಿಡಿದು ಬೋರ್ಡ್ ಬರೆಯುತ್ತಿದ್ದವನು, ಆಮೇಲೆ ಹೊಟ್ಟೆಪಾಡಿಗೆ ಕಂಪ್ಯೂಟರ್ ಮುಂದೆ ಕೂತವನು. ಎರಡೂ ಕಡೆ ಪೆಟ್ಟು ತಿಂದಿದ್ದೇನೆ. ಅದನ್ನೂ ಸೇರಿಸಿಯೇ ಹೇಳುತ್ತೇನೆ.

ಅಣ್ಣಾ, ಮಲ್ಪೆ ಬೀಚಿನ ಹತ್ತಿರ ಐಸ್‌ಕ್ರೀಂ ಅಂಗಡಿ ಹಾಕುತ್ತಿದ್ದೇವೆ. ಇಂಗ್ಲಿಷಿನಲ್ಲಿ ತುದಿಯೆಲ್ಲ ಸುರುಳಿ ಸುತ್ತಿಕೊಂಡ ಒಂದು ಅಕ್ಷರ ಉಂಟಲ್ಲ, ಹುಟ್ಟುಹಬ್ಬದ ಕಾರ್ಡಿನಲ್ಲಿ ಬರುವಂಥದ್ದು, ಅದೇ ನಮೂನೆ ಕನ್ನಡದಲ್ಲಿ ಬೇಕು. ಎಷ್ಟು ಹುಡುಕಿದರೂ ಸಿಗಲಿಲ್ಲ. ಯಾಕೆ?
– ಮಲ್ಪೆಯಿಂದ ಒಬ್ಬರು

ನೀವು ಹೇಳುತ್ತಿರುವುದು ಬಹುಶಃ ಕರ್ಲ್ಜ್ ಎಂಬ ಫಾಂಟ್. 1995ರಲ್ಲಿ ಕಾರ್ಲ್ ಕ್ರಾಸ್‌ಗ್ರೋವ್ ಮತ್ತು ಸ್ಟೀವ್ ಮ್ಯಾಟ್ಸನ್ ಎಂಬ ಇಬ್ಬರು ಮಾಡಿದ್ದು. ಮೈಕ್ರೋಸಾಫ್ಟ್ ಆಫೀಸ್ ಜೊತೆ ಬಂದ ಕಾರಣ ಪ್ರಪಂಚದ ಎಲ್ಲ ಕಂಪ್ಯೂಟರಿನಲ್ಲೂ ಬಂದು ಕೂತಿತು, ಬೇಕರಿ ಬೋರ್ಡಿನಿಂದ ಹಿಡಿದು ಅಂಗನವಾಡಿ ಗೋಡೆಯವರೆಗೆ. ಅದರ ಉಪಾಯ ಇಷ್ಟೇ: ಇಂಗ್ಲಿಷ್ ಅಕ್ಷರದ ಗೀಟು ಎಲ್ಲಿ ಮುಗಿಯುತ್ತದೋ ಅಲ್ಲಿ ಒಂದು ಸುರುಳಿ. ಇಂಗ್ಲಿಷಿನಲ್ಲಿ ಅದು ನಡೆಯುತ್ತದೆ, ಯಾಕೆಂದರೆ ಅಲ್ಲಿ ಸುರುಳಿಗೆ ಅರ್ಥ ಇಲ್ಲ. ಅದು ಬರೀ ಒಡವೆ.

ಕನ್ನಡದಲ್ಲಿ ಸುರುಳಿಯೇ ಮಾತಾಡುತ್ತದೆ ಮಾರಾಯ್ರೆ. ಕಾಗದದ ಮೇಲೆ ಒಂದು ‘ಕ’ ಬರೆದು ನೋಡಿ. ಅದರ ಬಲಗಡೆ ಒಂದು ಬಾಲ ಎಳೆದರೆ ಕೊಂಬು ಬಂದು ‘ಕು’ ಆಯಿತು. ತಲೆಕಟ್ಟಿನ ತುದಿಯನ್ನು ಚೂರು ಬಲಕ್ಕೆ ಬಾಗಿಸಿ ಇಳಿಸಿದರೆ ‘ಕಾ’. ತಲೆಕಟ್ಟನ್ನು ಗುಂಡಗೆ ಮಾಡಿದರೆ ಗುಡಿಸು, ಅಂದರೆ ‘ಕಿ’. ಅದೇ ಜಾಗದಲ್ಲಿ ಮೇಲಕ್ಕೊಂದು ಕೊಕ್ಕೆ ಹಾಕಿದರೆ ‘ಕೆ’. ಅಂದಕ್ಕೆ ಅಂತ ನೀವು ಎಲ್ಲಿ ಒಂದು ಸುರುಳಿ ಹಾಕಲು ಹೋದರೂ ಅಲ್ಲಿ ಆಗಲೇ ಒಂದು ಸ್ವರ ಬಂದು ಕೂತಿರುತ್ತದೆ.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ಸುಮಾರು ವರ್ಷದ ಹಿಂದೆ ಒಂದು ತಿಂಡಿ ಗಾಡಿಗೆ ‘ಕಡಲ ತೀರ’ ಅಂತ ಬೋರ್ಡ್ ಬರೆದುಕೊಟ್ಟಿದ್ದೆ. ಹೆಸರು ಚೆನ್ನಾಗಿದೆ, ಅಕ್ಷರವೂ ಅಲೆಯ ಹಾಗಿರಲಿ ಅಂತ ಪ್ರತಿ ಅಕ್ಷರದ ತಲೆಯ ಮೇಲೂ ಒಂದು ಪುಟ್ಟ ಅಲೆ ಏಳಿಸಿದೆ. ‘ಕ’ಕ್ಕೆ, ‘ಡ’ಕ್ಕೆ ತಲೆಕಟ್ಟು ಇರುವುದರಿಂದ ಅಲೆ ಅದರಲ್ಲೇ ಸೇರಿಹೋಯಿತು. ‘ಲ’ಕ್ಕೆ ತಲೆಕಟ್ಟೇ ಇಲ್ಲವಲ್ಲ! ಅದರ ಮೇಲೆ ಎದ್ದ ಅಲೆ ಸೀದಾ ಎತ್ವ ಆಗಿಬಿಟ್ಟಿತು. ಬೋರ್ಡ್ ಏರಿದ ಸಂಜೆಯೇ ಇಬ್ಬರು ಬಂದು, “ಹುರಿಗಡಲೆಯಾ, ನೆಲಗಡಲೆಯಾ?” ಅಂತ ಕೇಳಿದರಂತೆ. ‘ಕಡಲೆ ತೀರ’! ಗಾಡಿಯವರು ನಕ್ಕರು, ನಾನು ಮಾತ್ರ ಮಾರನೇ ದಿನ ಬಿಸಿಲಲ್ಲಿ ಏಣಿ ಹತ್ತಿ ಅಲೆ ಕೆರೆದೆ. ದುಡ್ಡು ಕೇಳುವ ಮುಖ ಇರಲಿಲ್ಲ.

ಹಾಗಾದರೆ ಕನ್ನಡಕ್ಕೆ ತಮಾಷೆ ಬೇಡವಾ? ಬೇಕು, ಆದರೆ ಅದು ಬರುವ ದಾರಿ ಬೇರೆ. ಒಂದು, ಗೀಟಿನ ದಪ್ಪ. ಎಲ್ಲ ಕಡೆ ಉಬ್ಬಿಸಿ, ತುದಿ ಗುಂಡಗೆ ಮಾಡಿ, ಒಳಗಿನ ತೂತನ್ನು ಸಣ್ಣ ಕಣ್ಣಿನ ಹಾಗೆ ಇಟ್ಟರೆ ಅಕ್ಷರ ತಾನಾಗಿ ಗುಂಡುಮರಿ ಥರ ಕಾಣುತ್ತದೆ. ಮುಂಬೈಯ ಏಕ್ ಟೈಪ್‌ನವರ ‘ಬಲೂ ತಮ್ಮ’ ಅಂಥದ್ದು. ಬಲೂ ಅಂದರೆ ಕರಡಿ, ಅಕ್ಷರವೂ ಹಾಗೇ ಕೊಬ್ಬಿಕೊಂಡಿದೆ. ಅದರ ತಮಿಳು ರೂಪಕ್ಕೆ ‘ತಂಬಿ’, ಮಲಯಾಳಕ್ಕೆ ‘ಚೇಟ್ಟನ್’, ಬಂಗಾಳಿಗೆ ‘ದಾ’ ಅಂತ ಹೆಸರು. ಎಲ್ಲ ಭಾಷೆಯ ಅಣ್ಣತಮ್ಮಂದಿರು ಸೇರಿದ ಒಂದು ಮನೆ ಅದು. ಈಗ ಸಿಗುವ ‘ಬಲೂ ತಮ್ಮ 2’ ಐದು ದಪ್ಪಗಳಲ್ಲಿ ಬರುತ್ತದೆ. ಐಸ್‌ಕ್ರೀಂ ಅಂಗಡಿಗೆ ನನ್ನ ಮೊದಲ ಓಟು ಅದಕ್ಕೇ.

ಇನ್ನೊಂದು ದಾರಿ ಗೀಟಿನ ನಡಿಗೆಯನ್ನೇ ಬದಲಿಸುವುದು. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಮಾಡಿದ ‘ಅಕಾಯ ಕನಡಕ’ ನೋಡಿ. ಒಂದೇ ದಪ್ಪದಲ್ಲಿ ಸಿಗುವ, ದೊಡ್ಡದಾಗಿ ಬರೆಯಲೆಂದೇ ಮಾಡಿದ ಪ್ರಯೋಗದ ಅಕ್ಷರ. ಮೊದಲ ಸಲ ನೋಡಿದಾಗ ಇದೆಂಥದು ಅನಿಸಬಹುದು. ನನಗೂ ಅನಿಸಿತ್ತು. ಬೋರ್ಡಿಗೆ ಹಾಕಿ ಹತ್ತು ಹೆಜ್ಜೆ ಹಿಂದೆ ಹೋಗಿ ನೋಡಿದ ಮೇಲೆ ಅದರ ಗಮ್ಮತ್ತು ಗೊತ್ತಾಯಿತು.

ಮೂರನೆಯದು ನಿಮಗೆ ತುಂಬ ಹೊಂದುತ್ತದೆ. ‘ಐಸ್‌ಕ್ರೀಂ’ ಅಂತ ಬರೆದಾಗ ಕೊನೆಯಲ್ಲೊಂದು ಸೊನ್ನೆ ಸಿಗುತ್ತದಲ್ಲ, ಅದನ್ನು ತೆಗೆದು ಅಲ್ಲೊಂದು ಐಸ್‌ಕ್ರೀಂ ಉಂಡೆಯನ್ನೇ ಕೂರಿಸಿ. ಓದಲು ಏನೂ ತೊಂದರೆ ಇಲ್ಲ, ಮಕ್ಕಳು ದೂರದಿಂದಲೇ ಕೈ ತೋರಿಸುತ್ತಾರೆ. ಗೋಳಿಬಜೆ ಅಂಗಡಿಯಾಗಿದ್ದರೆ ಅಲ್ಲಿ ಬಜೆ ಇಡಬಹುದಿತ್ತು ಅನ್ನಿ, ಆದರೆ ಆ ಹೆಸರಿನಲ್ಲಿ ಸೊನ್ನೆಯೇ ಇಲ್ಲ. ಕನ್ನಡದ ಸೊನ್ನೆಯಷ್ಟು ಉದಾರಿ ಅಕ್ಷರ ಬೇರೆ ಇಲ್ಲ. ಚೆಂಡು, ಸೂರ್ಯ, ಲಾಡು, ಏನು ಮಾಡಿದರೂ ಅದು ಸೊನ್ನೆಯೇ.

ಬೋರ್ಡಿನ ಅಳತೆಗೆ ನಾವು ಇಟ್ಟುಕೊಳ್ಳುವ ಲೆಕ್ಕ: 10 ಅಡಿ ದೂರಕ್ಕೆ 1 ಇಂಚು ಎತ್ತರದ ಅಕ್ಷರ. ಅಲಂಕಾರದ ಅಕ್ಷರಕ್ಕೆ ಅದಕ್ಕಿಂತ ಜಾಸ್ತಿಯೇ ಇರಲಿ. ಮತ್ತೆ, ಕರ್ನಾಟಕದ ಕನ್ನಡ ಭಾಷಾ ಕಾಯ್ದೆಗೆ ಆದ 2024ರ ತಿದ್ದುಪಡಿಯ ಪ್ರಕಾರ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಹಾಗಾಗಿ ಇಂಗ್ಲಿಷ್ ಅಕ್ಷರ ಮೊದಲು ಆರಿಸಿ ಕನ್ನಡವನ್ನು ಅದರ ಕೆಳಗೆ ತುರುಕುವ ಅಭ್ಯಾಸ ಬಿಟ್ಟುಬಿಡಿ. ಕನ್ನಡ ಮೊದಲು ಆರಿಸಿ. ಬಲೂ, ಅಕಾಯ ಎರಡರಲ್ಲೂ ಇಂಗ್ಲಿಷ್ ಜೊತೆಗೇ ಬರುತ್ತದೆ, ಜೋಡಿ ಹುಡುಕುವ ಕಷ್ಟ ಇಲ್ಲ.

ಸರ್, ನಾನು ಒಂದನೇ ತರಗತಿಯ ಶಿಕ್ಷಕಿ. ಗೋಡೆಗೆ ವರ್ಣಮಾಲೆಯ ಚಾರ್ಟ್ ಮಾಡಬೇಕು. ಮಕ್ಕಳಿಗೆ ಖುಷಿಯಾಗಲಿ ಅಂತ ಗೊಂಬೆ ಗೊಂಬೆ ಥರದ ಅಕ್ಷರ ಹಾಕಬಹುದಾ?
– ಕಾರ್ಕಳದಿಂದ ಒಬ್ಬರು

ಚಾರ್ಟಿನ ತಲೆಬರಹಕ್ಕೆ ಹಾಕಿ ಟೀಚರ್, ಧಾರಾಳವಾಗಿ. ಅ ಆ ಇ ಈ ಬರೆಯುವಲ್ಲಿ ಮಾತ್ರ ಬೇಡ.

ಅಕ್ಷರ ಗೊತ್ತಿರುವವನಿಗೆ ಅದನ್ನು ಹೇಗೆ ಸೊಟ್ಟ ಮಾಡಿ ತೋರಿಸಿದರೂ ಗುರುತು ಸಿಗುತ್ತದೆ. ಅವನ ತಲೆಯಲ್ಲಿ ನೆಟ್ಟಗಿನದ್ದು ಒಂದು ಆಗಲೇ ಇದೆ, ಅದಕ್ಕೇ ಸೊಟ್ಟಗಿನದು ತಮಾಷೆ. ಕಲಿಯುವ ಮಗುವಿಗೆ ನೆಟ್ಟಗಿನದೇ ಇನ್ನೂ ಬಂದಿಲ್ಲ. ಮೊದಲೇ ನಮ್ಮಲ್ಲಿ ಎಷ್ಟೋ ಅಕ್ಷರಗಳ ನಡುವೆ ಇರುವ ಅಂತರ ಒಂದು ಸಣ್ಣ ಗೀಟು. ‘ದ’ದ ಹೊಟ್ಟೆ ಸೀಳಿದರೆ ‘ಧ’, ಅದರೊಳಗೆ ಚುಕ್ಕೆ ಇಟ್ಟರೆ ‘ಥ’. ‘ಪ’ದೊಳಗೆ ಒಂದು ಗೀಟು ಎಳೆದರೆ ‘ಷ’. ‘ವ’ಕ್ಕೆ ಎಲ್ಲ ಅಕ್ಷರದ ಹಾಗೆ ಪಕ್ಕದಲ್ಲಿ ಕೊಂಬು ಕೊಟ್ಟರೆ ಅದು ‘ಮ’ ಆಗಿಬಿಡುತ್ತದೆ, ಅದಕ್ಕೇ ‘ವು’ ಬರೆಯುವಾಗ ನಾವು ಕೊಂಬನ್ನು ಕೆಳಗಿಳಿಸುತ್ತೇವೆ. ದಪ್ಪ ಅಲಂಕಾರದ ಅಕ್ಷರದಲ್ಲಿ ಮೊದಲು ಮುಚ್ಚಿಹೋಗುವುದೇ ಈ ಸೀಳು, ಈ ಚುಕ್ಕೆ. ಮಗು ತಪ್ಪು ಓದಿದರೆ ತಪ್ಪು ಮಗುವಿನದಲ್ಲ.

ಇಂಗ್ಲಿಷಿನ ಕಾಮಿಕ್ ಸ್ಯಾನ್ಸ್ ಕಥೆ ನಿಮಗೆ ಇಷ್ಟ ಆಗಬಹುದು. 1994ರಲ್ಲಿ ಮೈಕ್ರೋಸಾಫ್ಟ್‌ನಲ್ಲಿದ್ದ ವಿನ್ಸೆಂಟ್ ಕೊನ್ನಾರೆ ಒಂದು ಹೊಸ ತಂತ್ರಾಂಶ ನೋಡುತ್ತಿದ್ದರು. ಪರದೆಯ ಮೇಲೆ ಒಂದು ಕಾರ್ಟೂನ್ ನಾಯಿ, ಅದರ ಮಾತಿನ ಗುಳ್ಳೆಯೊಳಗೆ ಟೈಮ್ಸ್ ನ್ಯೂ ರೋಮನ್ ಅಕ್ಷರ. ನಾಯಿ ಹೀಗೆ ಮಾತಾಡುತ್ತದಾ ಅಂತ ಅವರಿಗೆ ಅನಿಸಿ, ಕಾಮಿಕ್ಸ್ ಪುಸ್ತಕದ ಕೈಬರಹ ನೋಡಿಕೊಂಡು ಹೊಸ ಅಕ್ಷರ ಮಾಡಿದರು. ಕೊನೆಗೆ ಆ ನಾಯಿಗೇ ಅದು ಸಿಗಲಿಲ್ಲ. ಬೇರೆ ದಾರಿಯಲ್ಲಿ ವಿಂಡೋಸ್ ಒಳಗೆ ಬಂದು, ಆಸ್ಪತ್ರೆ ನೋಟೀಸಿನಿಂದ ಶ್ರದ್ಧಾಂಜಲಿ ಕಾರ್ಡಿನವರೆಗೆ ಎಲ್ಲೆಂದರಲ್ಲಿ ಕೂತು ಬೈಗುಳ ತಿಂದಿತು. ಅಕ್ಷರ ಕೆಟ್ಟದ್ದಲ್ಲ, ಕೂರಿಸಿದ ಜಾಗ ಕೆಟ್ಟದ್ದು. ಮದುವೆ ಮನೆಗೆ ಹುಲಿವೇಷ ಹಾಕಿಕೊಂಡು ಊಟಕ್ಕೆ ಕೂತ ಹಾಗೆ.

ಚಾರ್ಟಿಗೆ ನೋಟೋ ಸ್ಯಾನ್ಸ್ ಕನ್ನಡ ಅಥವಾ ಅನೇಕ್ ಕನ್ನಡ ಸಾಕು. ಸಾಧ್ಯವಾದರೆ ನೀವೇ ಕೈಯಲ್ಲಿ ಬರೆಯಿರಿ, ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ಬಾಸ್, ನಂದು ಫ್ಲೆಕ್ಸ್ ಡಿಸೈನ್ ಕೆಲಸ. ಹೊಸ ಫಾಂಟ್ ಇಳಿಸಿಕೊಂಡು ಫೋಟೋಶಾಪಿನಲ್ಲಿ ಹಾಕಿದರೆ ಒತ್ತಕ್ಷರ ಎಲ್ಲ ಬಿಡಿಬಿಡಿಯಾಗಿ ಬರುತ್ತದೆ. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆ ಮ್ಯಾಟರಿಗೆ ಈ ಫಾಂಟ್ ಕೊಟ್ಟರೆ ಏನೇನೋ ಇಂಗ್ಲಿಷ್ ಗುರುತು ಬರುತ್ತದೆ. ಫಾಂಟೇ ಹಾಳಾ?
– ಕಂಕನಾಡಿಯಿಂದ ಒಬ್ಬರು

ಫಾಂಟ್ ಸರಿ ಇದೆ. ಇದು ಎರಡು ಬೇರೆ ಬೇರೆ ರೋಗ.

ಮೊದಲನೆಯದಕ್ಕೆ, ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನು ತೆರೆದು ‘ವರ್ಲ್ಡ್-ರೆಡಿ’ ಅಂತ ಇರುವುದನ್ನು ಆರಿಸಿ. ಹಳೆಯ ಆವೃತ್ತಿಯಾದರೆ ಪ್ರಿಫರೆನ್ಸಸ್‌ನಲ್ಲಿ ಟೈಪ್ ಅನ್ನುವಲ್ಲಿ ‘ಮಿಡ್ಲ್ ಈಸ್ಟರ್ನ್ ಆ್ಯಂಡ್ ಸೌತ್ ಏಷ್ಯನ್’ ಅಂತ ಇರುತ್ತದೆ, ಅದನ್ನು ಹಾಕಿ ಹೊಸ ಫೈಲ್ ತೆರೆಯಿರಿ. ‘ಸ’, ಅದರ ಕೆಳಗೆ ‘ತ’ದ ಒತ್ತು, ಅದರ ಪಕ್ಕ ‘ರ’ದ ಒತ್ತು ಹೀಗೆ ಕೂರಬೇಕು ಅಂತ ಫಾಂಟಿನೊಳಗೆ ಬರೆದಿಟ್ಟಿರುತ್ತಾರೆ. ಇದನ್ನು ಹಾಕದಿದ್ದರೆ ಫೋಟೋಶಾಪ್ ಅದನ್ನು ಓದುವುದೇ ಇಲ್ಲ.

ಎರಡನೆಯದು ಹಳೇ ಸಾಲ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಕನ್ನಡ ಕಾಣುತ್ತಿದ್ದರೂ ಹಿಂದೆ ಕೂತಿದ್ದದ್ದು ಇಂಗ್ಲಿಷಿನ ಸಂಕೇತಗಳು. ಫಾಂಟ್ ಎಂಬ ಮುಖವಾಡ ತೆಗೆದ ಕೂಡಲೇ ಒಳಗಿನವನು ಹೊರಗೆ ಬರುತ್ತಾನೆ. ಹೊಸ ಫಾಂಟುಗಳು ಯುನಿಕೋಡ್, ಅಂದರೆ ಕನ್ನಡ ಅಕ್ಷರಕ್ಕೆ ಕನ್ನಡದ್ದೇ ಸಂಕೇತ. ಹಳೆ ಮ್ಯಾಟರನ್ನು ಪರಿವರ್ತಕಕ್ಕೆ ಹಾಕಿ ಯುನಿಕೋಡ್ ಮಾಡಿಕೊಳ್ಳಿ, ಆಮೇಲೆ ಒಂದು ಸಲ ಕಣ್ಣಾಡಿಸಿ. ಅರ್ಕಾವೊತ್ತು ಇರುವಲ್ಲಿ ಮುಖ್ಯವಾಗಿ. ‘ಸೂರ್ಯ’, ‘ಪರ್ಯಾಯ’ ಇಂಥವು ಕೈಕೊಡುವುದು ಜಾಸ್ತಿ, ಉಡುಪಿಯಲ್ಲಿ ಪರ್ಯಾಯ ತಪ್ಪಾದರೆ ಊರೆಲ್ಲ ಫೋನ್ ಮಾಡುತ್ತಾರೆ.

ಹೊಸದಕ್ಕೆ ಟೈಪ್ ಮಾಡುವ ಕ್ರಮ ಬದಲಿಸಬೇಕಾ ಅಂತ ಹೆದರಬೇಡಿ. ಕೀಲಿಮಣೆ ಬೇರೆ, ಫಾಂಟ್ ಬೇರೆ. ನೀವು ಒತ್ತುವ ನುಡಿ ಕೀಲಿಮಣೆಗೆ ತಳಹದಿ ಹಾಕಿದವರು ನಮ್ಮ ಕಿನ್ನಿಕಂಬಳದ ಕೆ. ಪಿ. ರಾವ್. ಅದೇ ವಿನ್ಯಾಸ ಯುನಿಕೋಡಿನಲ್ಲೂ ನಡೆಯುತ್ತದೆ.

ಪ್ರಿಂಟಿಗೆ ಕಳಿಸುವ ಮೊದಲು ಅಕ್ಷರವನ್ನು ಕರ್ವ್ ಮಾಡಿ, ಅಂದರೆ ಬರೀ ಗೆರೆಯ ಚಿತ್ರವಾಗಿ ಬದಲಿಸಿ. ಕೋರೆಲ್‌ನಲ್ಲಿ ಕಂಟ್ರೋಲ್ ಕ್ಯೂ, ಇಲಸ್ಟ್ರೇಟರಿನಲ್ಲಿ ಕಂಟ್ರೋಲ್ ಶಿಫ್ಟ್ ಓ. ಪ್ರಿಂಟ್ ಮಾಡುವವರ ಹತ್ತಿರ ಆ ಫಾಂಟ್ ಇಲ್ಲದಿದ್ದರೂ ಆಗ ತೊಂದರೆ ಇಲ್ಲ. ಕರ್ವ್ ಮಾಡದ ಫೈಲ್ ಒಂದು ಬೇರೆ ಇಟ್ಟುಕೊಳ್ಳಿ, ಯಾಕೆಂದರೆ ರಾತ್ರಿ ಹನ್ನೊಂದಕ್ಕೆ “ಅಣ್ಣಾ, ಒಂದು ಹೆಸರು ಬಿಟ್ಟುಹೋಗಿದೆ” ಅಂತ ಫೋನ್ ಬರುವುದು ಖಂಡಿತ.

ಯಕ್ಷಗಾನದ ಹಳೆ ವಾಲ್‌ಪೋಸ್ಟಿನ ಅಕ್ಷರ ಉಂಟಲ್ಲ, ಮೇಳದ ಹೆಸರು ಕಮಾನಿನ ಹಾಗೆ ಬಾಗಿ, ನಡುವಿನ ಅಕ್ಷರ ದೊಡ್ಡದಾಗಿ. ಆ ಫಾಂಟಿನ ಹೆಸರೇನು?
– ಕೋಟದಿಂದ ಒಬ್ಬ ಕಲಾಭಿಮಾನಿ

ಅದು ಫಾಂಟೇ ಅಲ್ಲ! ಯಾರೋ ಒಬ್ಬ ಕಲಾವಿದ ಆ ಒಂದು ಹೆಸರಿಗಾಗಿ, ಆ ಒಂದು ಜಾಗಕ್ಕಾಗಿ ಕೂತು ಬರೆದದ್ದು. ಅಚ್ಚುಮೊಳೆಯ ಕಾಲದಲ್ಲಿ ಅದನ್ನು ಬ್ಲಾಕ್ ಮಾಡಿಸಿ ಅಚ್ಚು ಹಾಕುತ್ತಿದ್ದರು.

ನೋಡಿ, ‘ಯಕ್ಷಗಾನ ಬಯಲಾಟ’ ಅಂತ ಬರೆದರೆ ಅದರಲ್ಲಿ ಎರಡು ‘ಯ’ ಬರುತ್ತದೆ. ಕೈಯಲ್ಲಿ ಬರೆದವನು ಮೊದಲ ‘ಯ’ವನ್ನು ಭಾಗವತರ ಮುಂಡಾಸಿನ ಹಾಗೆ ಎಡಕ್ಕೆ ಚಾಚಿಸುತ್ತಾನೆ, ಎರಡನೆಯದನ್ನು ‘ಬ’ ಮತ್ತು ‘ಲಾ’ ನಡುವೆ ಇಕ್ಕಟ್ಟಾಗಿ ಕೂರಿಸುತ್ತಾನೆ. ‘ಕ್ಷ’ದ ಒತ್ತು ಕೆಳಗೆ ಜಾಗ ಕೇಳಿದರೆ ಅದನ್ನು ಬಾಲದ ಹಾಗೆ ಎಳೆದು ಇಡೀ ಹೆಸರಿನ ಅಡಿಗೆರೆ ಮಾಡಿಬಿಡುತ್ತಾನೆ. ಫಾಂಟಿಗೆ ಆ ಬುದ್ಧಿ ಇಲ್ಲ. ಅದಕ್ಕೆ ಎರಡೂ ‘ಯ’ ಒಂದೇ. ಕೈಬರಹದ ಥರ ಕಾಣಬೇಕಾದ ಅಲಂಕಾರದ ಫಾಂಟ್ ಸಿಕ್ಕಿಬೀಳುವುದು ಅಲ್ಲೇ, ಒಂದೇ ಅಕ್ಷರ ಎರಡು ಸಲ ಬಂದಾಗ ಎರಡೂ ಅಚ್ಚೊತ್ತಿದ ಹಾಗೆ ಒಂದೇ ಥರ ಕುಣಿಯುತ್ತಿರುತ್ತವೆ. ಒಳ್ಳೆಯ ಫಾಂಟ್ ಮಾಡುವವರು ಇದಕ್ಕೆ ಒಂದೇ ಅಕ್ಷರಕ್ಕೆ ಎರಡು ಮೂರು ರೂಪ ಬರೆದಿಟ್ಟು, ಪಕ್ಕದಲ್ಲಿ ಯಾರಿದ್ದಾರೆ ನೋಡಿಕೊಂಡು ಬದಲಾಗುವ ಹಾಗೆ ಮಾಡುವುದುಂಟು. ಆದರೆ ಕನ್ನಡಕ್ಕೆ ಒಂದೊಂದೇ ರೂಪ ಬರೆದರೂ ಕಾಗುಣಿತ, ಒತ್ತು ಎಲ್ಲ ಸೇರಿ ನೂರಾರು ಚಿತ್ರ ಆಗುತ್ತದೆ. ಎರಡೆರಡು ಬರೆಯಿರಿ ಅಂದರೆ ಬರೆಯುವವನ ಕಥೆ ಏನು ಯೋಚಿಸಿ! ಇಂಗ್ಲಿಷಿಗೆ ಸಾವಿರ ಥರದ ತಮಾಷೆ ಅಕ್ಷರ ಇದ್ದು ನಮಗೆ ಬೆರಳೆಣಿಕೆಯಷ್ಟು ಇರುವುದಕ್ಕೆ ಇದೂ ಒಂದು ಕಾರಣ.

ನಮ್ಮ ಊರಿನಲ್ಲಿ ಅಚ್ಚಿನ ಕೆಲಸ ಶುರುವಾದದ್ದೂ ಕೈಬರಹದಿಂದಲೇ. 1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು ಹಾಕಿದ್ದು ಕಲ್ಲಚ್ಚು. 1843ರ ಜುಲೈ 1ರಂದು ಹೆರ್ಮನ್ ಮೋಗ್ಲಿಂಗ್ ತಂದ ಮೊದಲ ಕನ್ನಡ ಪತ್ರಿಕೆ ‘ಮಂಗಳೂರ ಸಮಾಚಾರ’ ಕೂಡ ಕಲ್ಲಚ್ಚಿನದೇ. ಅಂದರೆ ಮೊಳೆ ಜೋಡಿಸಿದ್ದಲ್ಲ, ಕೈಯಲ್ಲಿ ಬರೆದದ್ದನ್ನು ಕಲ್ಲಿಗೆ ಇಳಿಸಿ ಒತ್ತಿದ್ದು. ಅದೇ ಮುದ್ರಣಾಲಯದಿಂದ 1894ರಲ್ಲಿ ಕಿಟೆಲ್ ನಿಘಂಟು ಬರುವ ಹೊತ್ತಿಗೆ ಮೊಳೆಗಳು ಆಳುತ್ತಿದ್ದವು. ಆಮೇಲೆ ಅಕ್ಷರ ಚೊಕ್ಕ ಆಯಿತು, ಸಾಲು ನೆಟ್ಟಗಾಯಿತು. ಕುಣಿತ ಮಾತ್ರ ಪೋಸ್ಟರಿಗೆ, ಬಸ್ಸಿನ ಹಣೆಗೆ, ದೋಣಿಯ ಮೂತಿಗೆ ಹೋಗಿ ಸೇರಿಕೊಂಡಿತು.

ಹಾಗಾಗಿ ನಿಮ್ಮ ಮೇಳದ ಹೆಸರಿಗೆ ಫಾಂಟ್ ಹುಡುಕಬೇಡಿ. ಹಳೇ ಪೋಸ್ಟರ್ ಬರೆದವರು ಯಾರಾದರೂ ಸಿಕ್ಕರೆ ಅವರಿಂದಲೇ ಒಂದು ಸಲ ಬರೆಸಿ, ಸ್ಕ್ಯಾನ್ ಮಾಡಿ ಗೆರೆ ತಿದ್ದಿಸಿಟ್ಟುಕೊಳ್ಳಿ. ಒಂದು ದಿನದ ಕೂಲಿ ಕೊಟ್ಟರೆ ಇಪ್ಪತ್ತು ವರ್ಷ ಬರುತ್ತದೆ. ಪ್ರಸಂಗದ ಹೆಸರು, ಕಲಾವಿದರ ಪಟ್ಟಿ, ಜಾಗ, ಸಮಯ ಇವಕ್ಕೆಲ್ಲ ಸಾದಾ ಅಕ್ಷರ ಹಾಕಿ. ಈಚಿನ ಕೆಲವು ಪೋಸ್ಟರುಗಳಲ್ಲಿ ಚೌಕಿಪೂಜೆಯ, ಅಂದರೆ ಆಟಕ್ಕೆ ಮೊದಲಿನ ಪೂಜೆಯ, ಸಮಯವನ್ನೂ ಕುಣಿಸಿದ್ದಾರೆ. ಏಳು ಗಂಟೆಯೋ ಒಂಬತ್ತು ಗಂಟೆಯೋ ಗೊತ್ತಾಗದೆ ನಾನು ಒಮ್ಮೆ ಖಾಲಿ ಗದ್ದೆಯಲ್ಲಿ ಸೊಳ್ಳೆ ಹೊಡೆಯುತ್ತಾ ಕೂತಿದ್ದೆ.

ಪುಕ್ಕಟೆ ಫಾಂಟನ್ನು ಅಂಗಡಿಯ ಬೋರ್ಡಿಗೆ, ಪ್ಯಾಕೆಟ್ಟಿಗೆ ಹಾಕಿದರೆ ಆಮೇಲೆ ಯಾರಾದರೂ ದುಡ್ಡು ಕೇಳುತ್ತಾರಾ?
– ಕುಂದಾಪುರದಿಂದ ಒಬ್ಬ ಹಪ್ಪಳ ವ್ಯಾಪಾರಿ

ಮೇಲೆ ಹೇಳಿದ ಬಲೂ, ಅಕಾಯ, ಅನೇಕ್, ನೋಟೋ ಎಲ್ಲ ಓಪನ್ ಫಾಂಟ್ ಲೈಸೆನ್ಸ್ ಕೆಳಗೆ ಬಂದವು. ವ್ಯಾಪಾರಕ್ಕೆ ಬಳಸಬಹುದು, ಯಾರೂ ಕೇಳುವುದಿಲ್ಲ. ಫಾಂಟನ್ನೇ ಬಿಡಿಯಾಗಿ ಮಾರುವ ಹಾಗಿಲ್ಲ, ಅಷ್ಟೇ. ಹಪ್ಪಳ ಮಾರಿ. ಬೇರೆ ಕಡೆಯಿಂದ ಇಳಿಸಿದ್ದಾದರೆ ‘ಸ್ವಂತ ಬಳಕೆಗೆ ಮಾತ್ರ’ ಅಂತ ಬರೆದಿದೆಯಾ ನೋಡಿ. ಹಾಗಿದ್ದರೆ ಪ್ಯಾಕೆಟ್ಟಿಗೆ ಹಾಕಬೇಡಿ.

ಮನೆಯ ಹೆಸರನ್ನು ತುಳು ಲಿಪಿಯಲ್ಲಿ ಚಂದ ಮಾಡಿ ಬರೆಸಬೇಕು. ಫೋನಿನಲ್ಲಿ ಟೈಪ್ ಮಾಡಲು ಆಗುತ್ತದಾ?
– ಮೂಡುಬಿದಿರೆಯಿಂದ ಒಬ್ಬರು

ತುಳು-ತಿಗಳಾರಿ ಲಿಪಿ 2024ರ ಸೆಪ್ಟೆಂಬರಿನಲ್ಲಿ ಯುನಿಕೋಡ್ 16ರೊಳಗೆ ಸೇರಿದೆ. ಅಂದರೆ ಪ್ರತಿ ಅಕ್ಷರಕ್ಕೂ ಈಗ ಸ್ವಂತ ವಿಳಾಸ ಇದೆ. ಅದನ್ನು ತೋರಿಸುವ ಫಾಂಟ್ ಫೋನಿನಲ್ಲಿ ಇಲ್ಲದಿದ್ದರೆ ಖಾಲಿ ಚೌಕ ಕಾಣುತ್ತದೆ. ನಾಮಫಲಕಕ್ಕಾದರೆ ಲಿಪಿ ಬಲ್ಲವರಿಂದ ಕಾಗದದ ಮೇಲೆ ಬರೆಸಿ, ಅದನ್ನೇ ಕೆತ್ತಿಸಿ. ಕನ್ನಡಕ್ಕೆ ಹೇಳಿದ ಎಚ್ಚರಿಕೆಯೇ ಇಲ್ಲೂ ಉಂಟು. ಬರೆದವರನ್ನು ಕೇಳದೆ ಡಿಸೈನರ್ ಒಂದು ಸುರುಳಿ ಕೂಡ ಸೇರಿಸಬಾರದು.

‘ಪ್ರಾರ್ಥನಾ’ ಅಂತ ಅಕ್ರಿಲಿಕ್ ಅಕ್ಷರ ಲೇಸರ್ ಕಟಿಂಗ್ ಮಾಡಿಸಿ ಗೇಟಿನ ಪಕ್ಕ ಅಂಟಿಸಿದ್ದೆವು. ಮಳೆಗಾಲ ಕಳೆದು ನೋಡಿದರೆ ನಮ್ಮ ಯಜಮಾನರು ‘ಇದು ಪ್ರಾರ್ಧನಾ ಅಂತ ಇದೆಯಲ್ಲ’ ಅನ್ನುತ್ತಾರೆ. ಕಟಿಂಗಿನವರ ತಪ್ಪಾ?
– ಕದ್ರಿಯಿಂದ ಒಬ್ಬ ಗೃಹಿಣಿ

ನಿಮ್ಮ ‘ಥ’ದ ಹೊಟ್ಟೆಯ ಚುಕ್ಕೆ ಬಿದ್ದುಹೋಗಿದೆ ಅಕ್ಕ. ಅದು ಸುತ್ತಲಿನ ಗೀಟಿಗೆ ತಾಗಿಕೊಂಡಿರುವುದಿಲ್ಲ, ಅವಲಕ್ಕಿ ಕಾಳಿನಷ್ಟು ಬಿಡಿ ತುಂಡು. ಒಂದು ಹನಿ ಗೋಂದಿನ ಮೇಲೆ ನಿಂತಿರುತ್ತದೆ. ಗೇಟಿನ ಕೆಳಗೆ, ಹೂವಿನ ಕುಂಡದ ಹತ್ತಿರ ಹುಡುಕಿ ನೋಡಿ, ಸಿಕ್ಕರೂ ಸಿಗಬಹುದು. ಇಲ್ಲವಾದರೆ ಅದೇ ಬಣ್ಣದ ಅಕ್ರಿಲಿಕ್ ಚೂರನ್ನು ಉಜ್ಜಿ ಗುಂಡಗೆ ಮಾಡಿ ಅಂಟಿಸಿದರೆ ಆಯಿತು. ಹೊಸದಾಗಿ ಮಾಡಿಸುವುದಾದರೆ ಚುಕ್ಕೆಯಿಂದ ಅಂಚಿಗೆ ಒಂದು ತೆಳು ಸೇತುವೆ ಬಿಡಲು ಹೇಳಿ. ಥ, ಠ ಎರಡಕ್ಕೂ. ‘ಠ’ದ ಚುಕ್ಕೆ ಹೋದರೆ ಉಳಿಯುವುದು ಬರೀ ‘ರ’, ರಥಬೀದಿಯಲ್ಲಿ ಯಾವುದಾದರೂ ಮಠದ ಬೋರ್ಡಿಗೆ ಹಾಗಾದರೆ ಏನು ಗತಿ ಅಂತ ನನಗೆ ಆಗಾಗ ಯೋಚನೆ ಬರುತ್ತದೆ.